ಓಟ್ಸ್ ಬಿಸ್ಕತ್ತು: ಒಂದೇ ತಟ್ಟೆಯಲ್ಲಿ ಪಥ್ಯ, ಅಪಥ್ಯ

ಕಳೆದ ಬೇಸಿಗೆಯ ರಜೆಯಲ್ಲಿ ಹೆಣ್ಣುಮಗಳೊಬ್ಬಳು ತನ್ನ ಅಜ್ಜನನ್ನು ನನ್ನ ಚಿಕಿತ್ಸಾಲಯಕ್ಕೆ ಕರೆತಂದಳು. ಅಜ್ಜ ನಿವೃತ್ತ ಶಿಕ್ಷಕರು, 12 ವರ್ಷಗಳಿಂದ ಮಧುಮೇಹಿಗಳು. ಸಕ್ಕರೆ ಹಾಕಿದ ಚಹಾ ಬಿಟ್ಟು, ಹಬ್ಬದ ದಿನವೂ ಹೋಳಿಗೆ ಮುಟ್ಟದೆ ಕಾಯಿಲೆಯನ್ನು ಹತೋಟಿಯಲ್ಲಿಟ್ಟುಕೊಂಡಿದ್ದ ಶಿಸ್ತಿನ ಜೀವ. ಆದರೆ ಆ ಸಲ ಮೂರು ತಿಂಗಳ ಸರಾಸರಿ ಸಕ್ಕರೆಯನ್ನು ತೋರಿಸುವ ರಕ್ತಪರೀಕ್ಷೆಯ ಅಂಕಿ 7.1ರಿಂದ 8.4ಕ್ಕೆ ಏರಿತ್ತು. ಊಟದಲ್ಲಿ ಏನು ಬದಲಾಯಿತು ಎಂದು ಕೇಳಿದರೆ, ಏನೂ ಇಲ್ಲ ಎಂದರು. ಸುಳ್ಳು ಹೇಳುವವರಲ್ಲ, ಅವರ ತಿಳಿವಳಿಕೆಯಂತೆ ಏನೂ ಬದಲಾಗಿರಲಿಲ್ಲ.

ಆಗ ಆ ಹುಡುಗಿ ಚೀಲದಿಂದ ಒಂದು ಸ್ಟೀಲ್ ಡಬ್ಬಿ ತೆಗೆದು ನನ್ನ ಮುಂದಿಟ್ಟಳು. ಒಳಗೆ ಕಂದು ಬಣ್ಣದ ಬಿಸ್ಕತ್ತುಗಳು, ಬೆಣ್ಣೆಯ ಘಮ. ಓಟ್ಸ್ ಮತ್ತು ಬಟರ್‌ಸ್ಕಾಚ್ ಸೇರಿಸಿ ಸ್ವತಃ ಮಾಡಿದ್ದಂತೆ. ಬೆಂಗಳೂರಿನಲ್ಲಿ ಸೋದರತ್ತೆಯ ಮನೆಯಲ್ಲಿದ್ದು ಓದುವ ಆಕೆ, ದೀಪಾವಳಿಯಿಂದ ಈಚೆಗೆ ಹದಿನೈದು ದಿನಕ್ಕೊಮ್ಮೆ ಬಸ್ಸಿನಲ್ಲಿ ಅಜ್ಜನಿಗೆ ಡಬ್ಬಿ ಕಳಿಸುತ್ತಿದ್ದಳು. ಅಜ್ಜ ಮುಂಜಾನೆ ಎರಡು, ಸಂಜೆ ಎರಡು ತಪ್ಪದೆ ತಿನ್ನುತ್ತಿದ್ದರು.

"ಓಟ್ಸ್ ಶುಗರ್ ಇದ್ದವರಿಗೆ ಛಲೋ ಅಂತಾರಲ್ರಿ ಡಾಕ್ಟರ್ರ, ಅದಕ್ಕ ಅಜ್ಜಗ ಅಂತ ಮಾಡೇನಿ. ಕೊಡಬಾರದೇನ್ರಿ?"

ನಾನೂ ಒಂದನ್ನು ತಿಂದು ನೋಡಿದೆ. ನಿಜ ಹೇಳಬೇಕೆಂದರೆ ಬಹಳ ರುಚಿಯಾಗಿತ್ತು. ಹೊರಗೆ ರೋಗಿಗಳು ಕಾದಿದ್ದುದರಿಂದ ಅಂದು ಆಕೆಗೆ ಎರಡೇ ಮಾತಿನಲ್ಲಿ ಉತ್ತರ ಹೇಳಿ ಕಳಿಸಿದೆ. ಪ್ರೀತಿಯಿಂದ ಕೇಳಿದ ಪ್ರಶ್ನೆಗೆ ಅಷ್ಟು ಸಾಲದು. ಇಂಥ ಡಬ್ಬಿಗಳು ಈಗ ಹಲವು ಮನೆಗಳಲ್ಲಿ ಇರುವುದರಿಂದ ಉಳಿದ ಉತ್ತರವನ್ನು ಶರಣಬಂಧುಗಳ ಮುಂದೆ ಇಲ್ಲಿ ಇಡುತ್ತಿದ್ದೇನೆ.

ಓಟ್ಸ್ ಎಂಬ ಧಾನ್ಯ

ಓಟ್ಸ್ ತಂಪು, ತೇವದ ನಾಡಿನ ಬೆಳೆ. ಉತ್ತರ ಭಾರತದಲ್ಲಿ ಇದನ್ನು ಬಹುಕಾಲದಿಂದ ದನಗಳ ಮೇವಿಗಾಗಿ ಬೆಳೆಯುತ್ತಾರೆ. ಇಂಗ್ಲೆಂಡಿನಲ್ಲೂ ಇದು ಕುದುರೆಯ ಆಹಾರವೆನಿಸಿತ್ತು. 1755ರಲ್ಲಿ ಪ್ರಕಟವಾದ ಸ್ಯಾಮ್ಯುಯೆಲ್ ಜಾನ್ಸನ್ನನ ನಿಘಂಟು, ಇಂಗ್ಲೆಂಡಿನಲ್ಲಿ ಕುದುರೆಗೆ ಹಾಕುವುದನ್ನು ಸ್ಕಾಟ್ಲೆಂಡಿನಲ್ಲಿ ಜನ ಉಣ್ಣುತ್ತಾರೆ ಎಂಬ ಅರ್ಥದಲ್ಲಿ ಛೇಡಿಸಿತು. ಸ್ಕಾಟ್ಲೆಂಡಿನ ಬಡ ರೈತ ಅದರ ಗಂಜಿ ಕುಡಿದ, ಕಬ್ಬಿಣದ ಹಂಚಿನ ಮೇಲೆ ಅದರ ರೊಟ್ಟಿ ಸುಟ್ಟುಕೊಂಡು ಹೊಲಕ್ಕೆ ಹೋದ. ನಮ್ಮ ಜೋಳದ ರೊಟ್ಟಿಯ ಹಾಗೆಯೇ ಅದು ಸಪ್ಪೆ, ಗಟ್ಟಿ, ಹೊಟ್ಟೆ ತುಂಬಿಸುವ ಅನ್ನ. ಸಕ್ಕರೆ, ಬೆಣ್ಣೆಗಳೊಡನೆ ಓಟ್ಸ್ ಬಿಸ್ಕತ್ತಾದದ್ದು ಬಹಳ ಈಚಿನ ಮಾತು.

ಚರಕ, ಸುಶ್ರುತ, ವಾಗ್ಭಟರಲ್ಲಿ ಓಟ್ಸ್‌ನ ಹೆಸರಿಲ್ಲ. ಹೆಸರಿಲ್ಲದ ದ್ರವ್ಯವನ್ನು ಅದರ ಗುಣಗಳಿಂದ, ಅದನ್ನು ಹೋಲುವ ಬಂಧುವಿನಿಂದ ಅಳೆಯುವುದು ನಮ್ಮ ಶಾಸ್ತ್ರದ ಕ್ರಮ. ಓಟ್ಸ್‌ಗೆ ಹತ್ತಿರದ ಬಂಧು ಯವ, ಅಂದರೆ ಬಾರ್ಲಿ. (ನಮ್ಮ ಕಡೆ ಹುಗ್ಗಿಗೆ ಬಳಸುವ ಜವೆಗೋಧಿ ಬೇರೆ ಧಾನ್ಯ, ಹೆಸರಿನ ಹೋಲಿಕೆಯಿಂದ ಮೋಸಹೋಗಬಾರದು.) ಎರಡರಲ್ಲಿಯೂ ಬೀಟಾ-ಗ್ಲುಕಾನ್ ಎಂಬ ಕರಗುವ ನಾರು ಹೇರಳವಾಗಿದೆ. ಗಂಜಿ ಕಾಯಿಸುವಾಗ ಸೌಟಿಗೆ ಅಂಟುವ ಲೋಳೆ ಇದರಿಂದಲೇ ಆಗುವುದು. ಆ ಲೋಳೆ ಕರುಳಿನಲ್ಲಿ ಸಕ್ಕರೆ ರಕ್ತಕ್ಕೆ ಸೇರುವ ವೇಗವನ್ನು ತಗ್ಗಿಸುತ್ತದೆ, ಪಿತ್ತರಸವನ್ನು ಹಿಡಿದು ಹೊರಗೊಯ್ದು ಕೊಲೆಸ್ಟರಾಲ್ ಇಳಿಸುತ್ತದೆ. ಚರಕ ಸಂಹಿತೆಯ ಪ್ರಮೇಹ ಚಿಕಿತ್ಸೆಯ ಅಧ್ಯಾಯ, ಪ್ರಮೇಹಿಯ ಆಹಾರದಲ್ಲಿ ಯವವೇ ಪ್ರಧಾನವಾಗಿರಲಿ ಎನ್ನುತ್ತದೆ. ಹೀಗಾಗಿ ಓಟ್ಸ್ ಮಧುಮೇಹಿಗೆ ಒಳ್ಳೆಯದು ಎಂದ ಆ ಹುಡುಗಿಯ ಮಾತಿನಲ್ಲಿ ತಪ್ಪಿಲ್ಲ.

ಆದರೆ ಅದೇ ಅಧ್ಯಾಯ ಪ್ರಮೇಹಕ್ಕೆ ಕಾರಣಗಳನ್ನು ಹೇಳುವಾಗ ಸದಾ ಕುಳಿತಿರುವ ಸುಖ, ನಿದ್ರೆಯ ಸುಖ, ಮೊಸರು, ಹೊಸ ಧಾನ್ಯ ಇವುಗಳ ಸಾಲಿನಲ್ಲಿ ಗುಡವಿಕೃತಿಯನ್ನೂ, ಅಂದರೆ ಬೆಲ್ಲ ಸಕ್ಕರೆಗಳಿಂದಾದ ತಿನಿಸುಗಳನ್ನೂ ಸೇರಿಸುತ್ತದೆ. ಆ ಡಬ್ಬಿಯಲ್ಲಿ ಪಥ್ಯ ಮತ್ತು ಅಪಥ್ಯ ಒಂದೇ ಹಿಟ್ಟಿನಲ್ಲಿ ಕಲಸಿ ಕುಳಿತಿದ್ದವು. ಆಹಾರವನ್ನು ವಿಚಾರಿಸಲು ಚರಕರು ಹೇಳಿದ ಎಂಟು ಅಂಶಗಳಲ್ಲಿ ದ್ರವ್ಯದ ಸಹಜ ಗುಣ ಒಂದು ಮಾತ್ರ. ಅದಕ್ಕೆ ಮಾಡಿದ ಸಂಸ್ಕಾರ, ಯಾವುದರೊಡನೆ ಸಂಯೋಗ, ಎಷ್ಟು ರಾಶಿ, ಯಾರು ಉಣ್ಣುವವರು ಎಂಬುದನ್ನೂ ನೋಡಬೇಕು. ನಾವು ಮೊದಲನೆಯದನ್ನು ಕೇಳಿ ಉಳಿದದ್ದನ್ನು ಮರೆಯುತ್ತೇವೆ.

ಮನೆಯಲ್ಲಿ ಮಾಡುವ ಕ್ರಮ

ರೋಗವಿಲ್ಲದವರು, ಆಡುವ ಮಕ್ಕಳು, ದುಡಿಯುವ ತರುಣರು ಇದನ್ನು ತಿನ್ನಲು ಅಡ್ಡಿಯಿಲ್ಲ. ಸ್ವತಃ ಅಳೆದು ಮಾಡಿದವರಿಗೆ ಒಳಗೆ ಏನು, ಎಷ್ಟು ಹೋಯಿತು ಎಂಬುದು ಕಣ್ಣಿಗೆ ಕಾಣುತ್ತದೆ. ಆ ಹುಡುಗಿ ಹೇಳಿದ ಅಳತೆಯಲ್ಲಿ ಸಕ್ಕರೆ ಮತ್ತು ಅಂಗಡಿಯಿಂದ ತಂದ ಬಟರ್‌ಸ್ಕಾಚ್ ಚೂರುಗಳನ್ನು ಕೂಡಿಸಿದರೆ ಓಟ್ಸ್‌ಗಿಂತ ಹೆಚ್ಚಾಗುತ್ತಿತ್ತು. ಆ ಚೂರುಗಳು ಬಹುಪಾಲು ಸಕ್ಕರೆ, ತಾಳೆಯ ಜಾತಿಯ ಎಣ್ಣೆ ಮತ್ತು ಸುವಾಸನೆಯ ಎಸೆನ್ಸ್. ಬಟರ್‌ಸ್ಕಾಚ್ ಎಂದರೆ ನಮಗೆ ಹಳದಿ ಐಸ್‌ಕ್ರೀಮ್ ನೆನಪಾಗುತ್ತದೆ. ಮೂಲದಲ್ಲಿ ಅದು ಬೆಣ್ಣೆ ಮತ್ತು ಕಂದು ಸಕ್ಕರೆಯನ್ನು ಕೂಡಿಸಿ ಕಾಸಿದ ಪಾಕ. ಇಂಗ್ಲೆಂಡಿನ ಯಾರ್ಕ್‌ಶೈರ್ ಸೀಮೆಯ ಡಾನ್‌ಕ್ಯಾಸ್ಟರ್ ಪಟ್ಟಣ 19ನೆಯ ಶತಮಾನದಲ್ಲಿ ಇದಕ್ಕೆ ಹೆಸರಾಯಿತು. ಕಂದು ಸಕ್ಕರೆಗೆ ಆ ರುಚಿ ಬರುವುದು ಅದರಲ್ಲಿರುವ ಕಾಕಂಬಿಯಿಂದ. ನಮ್ಮ ಬೆಲ್ಲದಲ್ಲಿ ಆ ಅಂಶ ಸಹಜವಾಗಿಯೇ ಇದೆ. ಆದುದರಿಂದ ಮಹಾಲಿಂಗಪುರದ ಕಡೆಯ ಒಂದು ಅಚ್ಚು ಬೆಲ್ಲ, ಮನೆಯ ಬೆಣ್ಣೆ ಇದ್ದರೆ ಬಟರ್‌ಸ್ಕಾಚ್ ನಮ್ಮ ಒಲೆಯ ಮೇಲೆಯೇ ಆಗುತ್ತದೆ. ಬೆಲ್ಲ ಕಪ್ಪಗಿರಲಿ, ಬಂಗಾರದಂತೆ ಹೊಳೆಯುವುದಕ್ಕೆ ರಾಸಾಯನಿಕ ಹಾಕಿರುವ ಸಂಭವ ಹೆಚ್ಚು.

ಬೇಕಾದದ್ದು ಓಟ್ಸ್ 150 ಗ್ರಾಂ, ಗೋಧಿ ಹಿಟ್ಟು 100 ಗ್ರಾಂ, ಉಪ್ಪಿಲ್ಲದ ಬೆಣ್ಣೆ 100 ಗ್ರಾಂ, ಪುಡಿ ಮಾಡಿದ ಬೆಲ್ಲ 120 ಗ್ರಾಂ, ಅಡುಗೆ ಸೋಡಾ ಅರ್ಧ ಚಹಾ ಚಮಚ, ಚಿಟಿಕೆ ಉಪ್ಪು, ಅರ್ಧ ಚಮಚ ಶುಂಠಿ ಪುಡಿ, ಎರಡು ಏಲಕ್ಕಿ. ಓಟ್ಸ್ ಹಾಳೆಯಂತೆ ದಪ್ಪಗಿರುವುದಾಗಲಿ. ಎರಡು ನಿಮಿಷದಲ್ಲಿ ಬೇಯುವ ಪುಡಿಪುಡಿ ಬಗೆ ಬೇಡ, ಅದು ಸಕ್ಕರೆಯನ್ನು ಬೇಗ ಏರಿಸುತ್ತದೆ. ಪಾಶ್ಚಾತ್ಯ ಕ್ರಮದಲ್ಲಿ ಅಂಟಿಗಾಗಿ ಮೊಟ್ಟೆ ಹಾಕುತ್ತಾರೆ. ನಮಗೆ ಅದು ಬೇಡ, ಅದರ ಅಗತ್ಯವೂ ಇಲ್ಲ. ಒಂದು ದೊಡ್ಡ ಚಮಚ ಅಗಸಿ ಪುಡಿಯನ್ನು ಮೂರು ಚಮಚ ನೀರಿನಲ್ಲಿ ಹತ್ತು ನಿಮಿಷ ನೆನೆಸಿದರೆ ಮೊಟ್ಟೆಯಂತೆಯೇ ಲೋಳೆಯಾಗಿ ಹಿಟ್ಟನ್ನು ಹಿಡಿಯುತ್ತದೆ. ಚಟ್ನಿ ಪುಡಿಗೆಂದು ಅಗಸಿ ನಮ್ಮ ಮನೆಗಳಲ್ಲಿ ಇದ್ದೇ ಇರುತ್ತದೆ.

ಓಟ್ಸನ್ನು ಘಮ ಬರುವವರೆಗೆ ಸಣ್ಣ ಉರಿಯಲ್ಲಿ ಹುರಿದು, ಮೂರನೆಯ ಒಂದು ಪಾಲನ್ನು ಪುಡಿ ಮಾಡಿಕೊಳ್ಳಿರಿ. ದಪ್ಪ ತಳದ ಪಾತ್ರೆಯಲ್ಲಿ ಬೆಣ್ಣೆ ಕಾಯಿಸಿರಿ. ತುಪ್ಪ ಕಾಯಿಸಿದವರಿಗೆ ಇದರ ಹದ ಹೇಳಿಕೊಡಬೇಕಿಲ್ಲ: ನೊರೆ ಎದ್ದು ಇಳಿದು, ತಳದ ಗಸಿ ಹೊಂಬಣ್ಣಕ್ಕೆ ತಿರುಗಿದ ಕ್ಷಣ ಉರಿ ತಗ್ಗಿಸಬೇಕು. ಆ ಗಸಿಯನ್ನು ಸೋಸಬೇಡಿರಿ, ಬಟರ್‌ಸ್ಕಾಚಿನ ಅರ್ಧ ರುಚಿ ಅದರಲ್ಲಿದೆ. ಬೆಲ್ಲವನ್ನೂ ಎರಡು ಚಮಚ ನೀರನ್ನೂ ಹಾಕಿ ಎರಡು ಮೂರು ನಿಮಿಷ ಕೈಯಾಡಿಸಿರಿ. ತಣ್ಣೀರಿನ ಬಟ್ಟಲಿಗೆ ಒಂದು ಹನಿ ಬಿಟ್ಟರೆ ಬೆರಳಿಗೆ ಮೆತ್ತನೆಯ ಉಂಡೆಯಾಗಿ ಸಿಗಬೇಕು. ಔಷಧ ತೈಲಗಳಲ್ಲಿ ಮೃದು, ಮಧ್ಯಮ, ಖರ ಎಂದು ಮೂರು ಪಾಕಗಳಿವೆ. ಇಲ್ಲಿ ಮೃದು ಪಾಕವೇ ಸಾಕು. ಚಿಕ್ಕಿಯ ಪಾಕಕ್ಕೆ ಹೋದರೆ ಕೆಟ್ಟಿತು. ನಮ್ಮ ಮನೆಯಲ್ಲಿ ಮೊದಲ ಸಲ ನನ್ನ ಉಸ್ತುವಾರಿಯಲ್ಲಿ ಹಾಗೆಯೇ ಆಗಿ, ಬಿಸ್ಕತ್ತು ಒಡೆಯಲು ಕುಟ್ಟಾಣಿ ಬೇಕಾಯಿತು. ಎರಡನೆಯ ಸಲ ನನ್ನ ಪತ್ನಿ ನನ್ನನ್ನು ಅಡುಗೆಮನೆಯಿಂದ ಹೊರಗಿಟ್ಟರು, ಬಿಸ್ಕತ್ತು ಚೆನ್ನಾಗಿ ಬಂತು.

ಪಾಕ ಉಗುರುಬೆಚ್ಚಗಾದ ಮೇಲೆ ಅಗಸಿ ಲೋಳೆಯನ್ನೂ, ಸೋಡಾ, ಉಪ್ಪು, ಶುಂಠಿ, ಏಲಕ್ಕಿ ಬೆರೆಸಿದ ಹಿಟ್ಟನ್ನೂ, ಓಟ್ಸನ್ನೂ ಸೇರಿಸಿ ಕಲಸಿರಿ. ಒಣಗಿದಂತೆ ಕಂಡರೆ ನೀರು ಚಿಮುಕಿಸಿರಿ. ಉಪ್ಪಿನೊಡನೆ ಹಾಲು ಸೇರುವುದನ್ನು ನಮ್ಮ ಶಾಸ್ತ್ರ ಒಪ್ಪದು, ಆದುದರಿಂದ ಹಾಲು ಬೇಡ. ಬೆಲ್ಲದ ಬದಲು ಜೇನು ಹಾಕಬಹುದೇ ಎಂದು ಕೇಳುವವರಿದ್ದಾರೆ. ಬೆಂಕಿಗೆ ಇಡುವ ಪದಾರ್ಥಕ್ಕೆ ಜೇನು ಸಲ್ಲದು. ಓಟ್ಸ್ ತೇವ ಹೀರಲೆಂದು ಇಪ್ಪತ್ತು ನಿಮಿಷ ಮುಚ್ಚಿಟ್ಟು, ಆಮೇಲೆ 24 ಉಂಡೆ ಮಾಡಿ, ಅಂಗೈಯಲ್ಲಿ ಒತ್ತಿ ತಟ್ಟೆಯಲ್ಲಿ ಬಿಡಿಬಿಡಿಯಾಗಿ ಜೋಡಿಸಿರಿ. ಓವನ್ ಇದ್ದರೆ 170 ಡಿಗ್ರಿಯಲ್ಲಿ 12ರಿಂದ 14 ನಿಮಿಷ. ಇಲ್ಲದಿದ್ದರೆ ದಪ್ಪ ಬಾಣಲೆಯ ತಳಕ್ಕೆ ಉಪ್ಪು ಹರಡಿ, ಮೇಲೆ ಸಣ್ಣ ಸ್ಟ್ಯಾಂಡ್ ಇಟ್ಟು, ಮುಚ್ಚಿ ಹತ್ತು ನಿಮಿಷ ಕಾಯಿಸಿ, ನಂತರ ತಟ್ಟೆ ಇಳಿಸಿ ಸಣ್ಣ ಉರಿಯಲ್ಲಿ ಸುಮಾರು 20 ನಿಮಿಷ. ಅಂಚು ಕಂದಾಗಿ ನಡುವೆ ಇನ್ನೂ ಮೆತ್ತಗಿರುವಾಗಲೇ ಹೊರತೆಗೆಯಬೇಕು. ಬೆಂದಿಲ್ಲವೆಂದು ತಿಳಿದು ಮತ್ತೆ ಒಳಗಿಟ್ಟು ಹೊತ್ತಿಸುವವರೇ ಹೆಚ್ಚು. ಆರಿದಂತೆ ಅದು ತಾನಾಗಿ ಗಟ್ಟಿಯಾಗುತ್ತದೆ.

ಲೆಕ್ಕ ಹೇಳುವ ಮಾತು

ಈ ಅಳತೆಯಲ್ಲಿ ಒಂದೊಂದು ಬಿಸ್ಕತ್ತಿಗೆ ಓಟ್ಸ್ 6 ಗ್ರಾಂ, ಬೆಲ್ಲ 5 ಗ್ರಾಂ, ಬೆಣ್ಣೆ 4 ಗ್ರಾಂ. ಸುಮಾರು 90 ಕ್ಯಾಲೊರಿ. ಕೊಲೆಸ್ಟರಾಲ್ ಇಳಿಸಲು ದಿನಕ್ಕೆ 3 ಗ್ರಾಂ ಬೀಟಾ-ಗ್ಲುಕಾನ್ ಬೇಕು ಎಂಬ ಅಳತೆಯನ್ನು ಅಮೆರಿಕದ ಆಹಾರ ಮತ್ತು ಔಷಧ ಇಲಾಖೆ 1997ರಲ್ಲಿ ಒಪ್ಪಿತು. ಓಟ್ಸ್‌ನಲ್ಲಿ ಅದು ನೂರಕ್ಕೆ ನಾಲ್ಕರಷ್ಟು ಇರುತ್ತದೆ. ಅಂದರೆ 75 ಗ್ರಾಂ ಓಟ್ಸ್‌ನ ಗಂಜಿ ಕುಡಿದರೆ ಆ ಪ್ರಮಾಣ ಸಿಕ್ಕಿತು. ಅದನ್ನೇ ಬಿಸ್ಕತ್ತಿನಿಂದ ಪಡೆಯಲು ಹೊರಟರೆ 12 ಬಿಸ್ಕತ್ತು ತಿನ್ನಬೇಕು. ಜೊತೆಗೆ 60 ಗ್ರಾಂ ಬೆಲ್ಲ, 50 ಗ್ರಾಂ ಬೆಣ್ಣೆ, ಸಾವಿರಕ್ಕೂ ಹೆಚ್ಚು ಕ್ಯಾಲೊರಿ ಹೊಟ್ಟೆಗೆ ಹೋಗುತ್ತವೆ. ಸಕ್ಕರೆ ತಗ್ಗಿಸಿದ ನಮ್ಮ ಅಳತೆಯ ಲೆಕ್ಕವೇ ಹೀಗಿದೆ.

ಇಲ್ಲಿ ಬೆಲ್ಲದ ಬಗ್ಗೆ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ಬೆಲ್ಲ ಸಕ್ಕರೆಯಲ್ಲವಾದ್ದರಿಂದ ಮಧುಮೇಹಿಗೆ ನಡೆಯುತ್ತದೆ ಎಂಬ ನಂಬಿಕೆ ಊರೂರಲ್ಲಿದೆ. ಅದರಲ್ಲಿ ಖನಿಜಾಂಶ ಸ್ವಲ್ಪ ಉಂಟು, ಆದರೆ ಬಹುಪಾಲು ಸಕ್ಕರೆಯೇ; ರಕ್ತದಲ್ಲಿ ಸಕ್ಕರೆಯಂತೆಯೇ ಏರುತ್ತದೆ. ಬೆಲ್ಲದ ಬಿಸ್ಕತ್ತು ಎಂಬ ಹೆಸರಿನಿಂದ ಮಧುಮೇಹಿಗೆ ಯಾವ ರಿಯಾಯಿತಿಯೂ ಇಲ್ಲ.

ಅಂಗಡಿಯ ಓಟ್ಸ್ ಬಿಸ್ಕತ್ತಿನ ಪೊಟ್ಟಣವನ್ನು ಒಮ್ಮೆ ಹಿಂದುಮುಂದು ಮಾಡಿ ಓದಿರಿ. ಪದಾರ್ಥಗಳನ್ನು ತೂಕದಲ್ಲಿ ಹೆಚ್ಚಿನದರಿಂದ ಕಡಿಮೆಯ ಕಡೆಗೆ ಬರೆಯಬೇಕೆಂಬುದು ನಮ್ಮ ದೇಶದ ನಿಯಮ. ಮೈದಾ, ಸಕ್ಕರೆ, ತಾಳೆ ಎಣ್ಣೆ ಮೊದಲು ಬಂದು ಓಟ್ಸ್ ಆಮೇಲೆ ಬಂದಿದ್ದರೆ, ಮುಂಬದಿಯ ತೆನೆಯ ಚಿತ್ರಕ್ಕೆ ಎಷ್ಟು ಬೆಲೆ ಎಂಬುದು ನಿಮಗೇ ತಿಳಿಯುತ್ತದೆ.

ತಿನ್ನುವ ಹೊತ್ತಿನ ವಿಚಾರ. ಹಿಟ್ಟಿನ ತಿನಿಸು ಗುರು. ಊಟವಾದ ಮೇಲೆ ಅದನ್ನು ತಿನ್ನಲೇಬಾರದು, ಹಸಿದಾಗಲೂ ಮಿತವಾಗಿ ತಿನ್ನಬೇಕು ಎಂಬುದು ಚರಕರ ವಿಧಿ. ನಾವು ಮಾಡುವುದು ಇದಕ್ಕೆ ವಿರುದ್ಧ. ಮಧ್ಯಾಹ್ನದ ಊಟ ಜೀರ್ಣವಾಗುವ ಮೊದಲೇ ಚಹಾದ ಜೊತೆ ಎರಡು, ಮಾತಾಡುತ್ತ ಮತ್ತೆರಡು. ಪದಾರ್ಥವನ್ನು ಇಷ್ಟಲಿಂಗಕ್ಕೆ ಅರ್ಪಿಸಿ ಪ್ರಸಾದವಾಗಿಸಿಕೊಳ್ಳುವ ನಮ್ಮ ಕ್ರಮದಲ್ಲಿ ಡಬ್ಬಿಗೆ ಕೈ ಹಾಕಿ ಲೆಕ್ಕವಿಲ್ಲದೆ ತಿನ್ನುವುದಕ್ಕೆ ಎಡೆಯಿಲ್ಲ. ಎಷ್ಟು ಬೇಕೋ ಅಷ್ಟನ್ನೇ ತಟ್ಟೆಗೆ ತೆಗೆದುಕೊಂಡು ಡಬ್ಬಿ ಮುಚ್ಚಿಟ್ಟರೆ ವೈದ್ಯನ ಕೆಲಸ ಅರ್ಧ ಆಗಿಹೋಯಿತು. ಕಫ ಪ್ರಕೃತಿಯವರು, ಸ್ಥೂಲ ದೇಹದವರು, ಕೆಮ್ಮು ನೆಗಡಿ ಇರುವವರು ದೂರವಿದ್ದರೆ ಮೇಲು.

ಆ ಹುಡುಗಿಗೆ ಅಂದು ನಾನು ಹೇಳಿದ ಎರಡು ಮಾತು ಇವು: ಅಜ್ಜನಿಗೆ ಬೆಳಗಿನ ಉಪಾಹಾರಕ್ಕೆ ಜೀರಿಗೆ, ಮಜ್ಜಿಗೆ ಹಾಕಿದ ಓಟ್ಸ್ ಗಂಜಿ, ನಿನ್ನ ಬಿಸ್ಕತ್ತು ಭಾನುವಾರ ಒಂದು, ಅದೂ ಗಂಜಿ ಕುಡಿಯುವಾಗಲೇ. ನಡುವೆ ನಿಂತಿದ್ದ ಮುಂಜಾನೆಯ ನಡಿಗೆಯನ್ನು ಅಜ್ಜ ಮತ್ತೆ ಆರಂಭಿಸಿದರು, ಮಾತ್ರೆಗಳನ್ನು ಬಿಡಲಿಲ್ಲ. ನಾಲ್ಕು ತಿಂಗಳ ಮೇಲೆ ಬಂದಾಗ ಅಂಕಿ 7.3ಕ್ಕೆ ಇಳಿದಿತ್ತು, ಎಲ್ಲವೂ ಸೇರಿ ಆದ ಇಳಿಕೆ, ಬಿಸ್ಕತ್ತು ಒಂದರಿಂದಲೇ ಎನ್ನಲಾರೆ. ಡಬ್ಬಿ ಈಗಲೂ ಬರುತ್ತದೆಯೇ ಎಂದು ಕೇಳಿದೆ.

"ಬರ್ತೈತ್ರಿ, ಈಗ ಸಣ್ಣ ಡಬ್ಬಿ. ಐತ್ವಾರ ಒಂದು ತಗೀತೇನಿ. ಅದರಾಗೂ ಅರ್ಧ ನಮ್ಮ ಮನಿಯಾಕಿಗೆ."