ಬ್ರೌಸರು ತೆರೆದೊಡನೆ ಕಂಪ್ಯೂಟರು ನಿಂತುಹೋಗುವ ವಿಷಯ

ಎಸ್.ಎಸ್.ಎಲ್.ಸಿ. ಫಲಿತಾಂಶ ಪ್ರಕಟವಾಗುವ ದಿನ, ವಿದ್ಯಾರ್ಥಿವೇತನದ ಅರ್ಜಿಗೆ ಕೊನೆಯ ದಿನ, ಇಂಥ ಹೊತ್ತಿನಲ್ಲಿಯೇ ಬ್ರೌಸರನ್ನು ತೆರೆದೊಡನೆ ಕಂಪ್ಯೂಟರು ನಿಂತುಹೋಯಿತೆಂಬ ದೂರು ಬಸವೇಶ್ವರನಗರದ ಮನೆಗಳಿಂದ ನಮಗೆ ಬರುವದುಂಟು. ಮರುದಿನ ರಿಪೇರಿಯವರು ಬಂದು "ಫಾರ್ಮ್ಯಾಟ್ ಮಾಡಬೇಕು" ಎನ್ನುತ್ತಾರೆ, ಮನೆಯವರು ತಲೆಯಾಡಿಸುತ್ತಾರೆ, ಮಗಳ ಎರಡು ವರುಷದ ಟಿಪ್ಪಣಿಗಳೂ ತೀರಿಹೋದ ಅಜ್ಜಿಯ ಭಾವಚಿತ್ರಗಳೂ ಒಂದೇ ಸಲಕ್ಕೆ ಅಳಿದುಹೋಗುತ್ತವೆ. ಈ ನಷ್ಟವು ಬಹುಮಟ್ಟಿಗೆ ಅನಾವಶ್ಯಕವಾದದ್ದು. ಆದಕಾರಣ ನಮ್ಮ ಹಳೆಯ ವಿದ್ಯಾರ್ಥಿನಿಯರಿಗೂ ಪೋಷಕರಿಗೂ ಉಪಯೋಗವಾಗಲೆಂದು ಈ ಪಾಠವನ್ನು ಬರೆಯುತ್ತೇವೆ.

ಮೊದಲು ನೋಡತಕ್ಕದ್ದು, ನಿಂತದ್ದು ಯಾವದು ಎಂಬದನ್ನು. ಬ್ರೌಸರಿನ ಕಿಟಕಿ ಮಾತ್ರ ಮಾಯವಾಗಿ ಉಳಿದದ್ದೆಲ್ಲ ನೆಟ್ಟಗಿದ್ದರೆ ದೋಷವು ಹೆಚ್ಚಾಗಿ ಬ್ರೌಸರಿನದೇ. ಅದಕ್ಕೆ ಅಂಟಿಸಿಕೊಂಡ ಎಕ್ಸ್‌ಟೆನ್ಶನ್‌ಗಳನ್ನು ಒಂದೊಂದಾಗಿ ತೆಗೆದುನೋಡಿದರೆ ಅನೇಕ ವೇಳೆ ಸಾಕಾಗುತ್ತದೆ. ಆದರೆ ಇಡೀ ಯಂತ್ರವೇ ನೀಲಿ ಪರದೆಯನ್ನು ತೋರಿಸಿ ಬಿದ್ದರೆ, ಅಥವಾ ದೀಪ ಆರಿದಂತೆ ಆರಿಹೋದರೆ, ಬ್ರೌಸರನ್ನು ಹತ್ತು ಸಲ ತೆಗೆದು ಹಾಕಿದರೂ ಪ್ರಯೋಜನ ಕಡಿಮೆ. ಯಾಕೆಂದರೆ ಒಂದು ಸಾಮಾನ್ಯ ಪ್ರೋಗ್ರಾಮು ಕೆಟ್ಟರೆ ಅದೊಂದೇ ಬೀಳಬೇಕು, ಇಡೀ ವ್ಯವಸ್ಥೆ ಬೀಳಕೂಡದು ಎಂಬ ಕಟ್ಟುಪಾಡಿನಿಂದಲೇ ಈಗಿನ ವಿಂಡೋಸನ್ನು ರಚಿಸಿದ್ದಾರೆ. ಅದನ್ನು ಕೆಡವಬಲ್ಲವು ಆಳದಲ್ಲಿರುವವು: ಡ್ರೈವರುಗಳು, ರ‍್ಯಾಮು, ಡಿಸ್ಕು, ಶಾಖ, ವಿದ್ಯುತ್ತು.

2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಕಂಪನಿಯ ರಕ್ಷಣಾ ತಂತ್ರಾಂಶಕ್ಕೆ ಬಂದ ಒಂದು ದೋಷಯುಕ್ತ ಕಡತದಿಂದ ಜಗತ್ತಿನಲ್ಲಿ ಸುಮಾರು 85 ಲಕ್ಷ ಕಂಪ್ಯೂಟರುಗಳು ನೀಲಿ ಪರದೆ ತೋರಿಸಿದವೆಂದು ಮೈಕ್ರೋಸಾಫ್ಟ್ ಲೆಕ್ಕ ಹಾಕಿತು. ನಮ್ಮ ಕೆಂಪೇಗೌಡ ವಿಮಾನನಿಲ್ದಾಣದಲ್ಲಿಯೂ ವಿಮಾನಗಳು ತಡವಾದವು. ಆ ತಂತ್ರಾಂಶವು ವ್ಯವಸ್ಥೆಯ ಗರ್ಭದಲ್ಲಿ ಕೆಲಸ ಮಾಡುವಂಥದಾದ್ದರಿಂದಲೇ ಅಷ್ಟು ಅನರ್ಥವಾಯಿತು.

ಹಾಗಾದರೆ ಪತ್ರ ಬರೆಯುವಾಗ ಸುಮ್ಮನಿದ್ದ ಯಂತ್ರ ಬ್ರೌಸರಿಗೇ ಏಕೆ ಬೀಳುತ್ತದೆ? ಬರಿಯ ಗಾಡಿಯನ್ನು ಎಳೆದ ಎತ್ತು ಹೇರು ಹೊತ್ತು ಏರು ಹತ್ತುವಾಗ ಮೊಣಕಾಲೂರಿದಂತೆ. 2008ರಲ್ಲಿ ಬಂದ ಕ್ರೋಮ್, ಒಂದು ಪುಟ ಕೆಟ್ಟರೆ ಉಳಿದವು ಬದುಕಲೆಂದು ಪುಟಗಳನ್ನು ಬೇರೆಬೇರೆಯಾಗಿ ನಡೆಸುವ ಕ್ರಮವನ್ನು ಹಿಡಿಯಿತು. ಈಗ ಮುಖ್ಯ ಬ್ರೌಸರುಗಳೆಲ್ಲ ಹಾಗೆಯೇ. ಅದಕ್ಕೆ ತೆರುವ ಬೆಲೆ ರ‍್ಯಾಮು. 4 ಜಿ.ಬಿ.ಯ ಹಳೆಯ ಯಂತ್ರ ಹತ್ತು ಪುಟಗಳಿಗೆ ಏದುಸಿರು ಬಿಡುತ್ತದೆ. ಅಲ್ಲದೆ ಪುಟಗಳನ್ನು ಬೇಗ ಚಿತ್ರಿಸುವ ನಿಮಿತ್ತ ಬ್ರೌಸರು ಗ್ರಾಫಿಕ್ಸ್ ಭಾಗಕ್ಕೂ ಕೆಲಸ ಕೊಡುತ್ತದೆ. ಅದರ ಡ್ರೈವರಿನಲ್ಲಿ ಅಡಗಿದ್ದ ಕೊರತೆ ಆಗಲೇ ಹೊರಬೀಳುವದು.

ನಮ್ಮ ಕಂಪ್ಯೂಟರು ಕೊಠಡಿಯಲ್ಲಿ ಹೀಗೆಯೇ ಆಯಿತು. ಹುಡುಗಿಯರು ಎರಡು ಸಲ ಬ್ರೌಸರನ್ನು ತೆಗೆದು ಹಾಕಿದರು, ಗುಣ ಕಾಣಲಿಲ್ಲ. ಆಮೇಲೆ ಯಂತ್ರವನ್ನು ಸೇಫ್ ಮೋಡಿನಲ್ಲಿ ತೆರೆಸಿದೆವು. ಶಿಫ್ಟ್ ಕೀಲಿಯನ್ನು ಒತ್ತಿಹಿಡಿದು ರೀಸ್ಟಾರ್ಟ್ ಆರಿಸಿ, ಟ್ರಬಲ್‌ಶೂಟ್, ಅಡ್ವಾನ್ಸ್ಡ್ ಆಪ್ಶನ್ಸ್, ಸ್ಟಾರ್ಟಪ್ ಸೆಟಿಂಗ್ಸ್ ಎಂಬಲ್ಲಿಗೆ ಹೋಗಿ ಮತ್ತೆ ರೀಸ್ಟಾರ್ಟ್ ಮಾಡಿದ ಮೇಲೆ 5ನ್ನು ಒತ್ತಿದರೆ, ಅಂತರ್ಜಾಲವುಳ್ಳ ಸೇಫ್ ಮೋಡ್ ಬರುತ್ತದೆ. ಅದರಲ್ಲಿ ವಿಂಡೋಸು ಕನಿಷ್ಠ ಡ್ರೈವರುಗಳನ್ನಷ್ಟೇ ಇಟ್ಟುಕೊಳ್ಳುತ್ತದೆ. ಬ್ರೌಸರು ಅಲ್ಲಿ ನಿರಾತಂಕವಾಗಿ ತೆರೆಯಿತು! ಸಂಶಯವೆಲ್ಲ ಗ್ರಾಫಿಕ್ಸ್ ಡ್ರೈವರಿನ ಮೇಲೆ ಬಂತು. ಅಲ್ಲಿಯೇ ಬ್ರೌಸರಿನ ಸೆಟಿಂಗ್ಸಿನೊಳಗೆ ಗ್ರಾಫಿಕ್ಸ್ ಆಕ್ಸಿಲರೇಶನ್ ಎಂಬದನ್ನು ಆರಿಸಿಟ್ಟು, ಯಂತ್ರವನ್ನು ಎಂದಿನಂತೆ ತೆರೆದೆವು, ಬೀಳಲಿಲ್ಲ. ಹೊಸ ಡ್ರೈವರನ್ನು ಹಾಕಿದ ಮೇಲೆ ಅದನ್ನು ಪುನಃ ಹಚ್ಚಿದೆವು, ಆಗಲೂ ಬೀಳಲಿಲ್ಲ. ಒಂದು ಸಲಕ್ಕೆ ಒಂದೇ ಬದಲಾವಣೆ, ಆದದ್ದನ್ನು ಪುಸ್ತಕದಲ್ಲಿ ಬರೆದಿಡುವದು: ವಿಜ್ಞಾನದ ತರಗತಿಯಲ್ಲಿ ನಾವು ಪಟ್ಟುಹಿಡಿದು ಕಲಿಸಿದ್ದು ಇದೇ ಅಲ್ಲವೇ?

ಸೇಫ್ ಮೋಡಿನಲ್ಲಿಯೂ ಬಿದ್ದರೆ ವಿಂಡೋಸ್ ಮೆಮೊರಿ ಡಯಾಗ್ನಾಸ್ಟಿಕ್ ಎಂಬದರಿಂದ ರ‍್ಯಾಮನ್ನು ಪರೀಕ್ಷಿಸತಕ್ಕದ್ದು. ನೀಲಿ ಪರದೆಯೇ ಇಲ್ಲದೆ ಥಟ್ಟನೆ ಆರಿದರೆ ಶಾಖವನ್ನೋ ವಿದ್ಯುತ್ತನ್ನೋ ಶಂಕಿಸಬೇಕು. ರಸ್ತೆಯ ಧೂಳು ಫ್ಯಾನಿನಲ್ಲಿ ಹತ್ತಿಯಂತೆ ಕೂತಿರುತ್ತದೆ. ಲ್ಯಾಪ್‌ಟಾಪನ್ನು ಹಾಸಿಗೆಯ ಮೇಲಿಟ್ಟರೆ ಗಾಳಿಯ ದಾರಿ ಮುಚ್ಚುತ್ತದೆ. (ಹೆಣ್ಣುಮಕ್ಕಳು ಇದನ್ನು ತಾಯಿಯರು ಎಷ್ಟು ಹೇಳಿದರೂ ಕೇಳುವದಿಲ್ಲವೆಂದು ಬಲ್ಲೆವು.) ಎಸ್.ಪಿ. ರೋಡಿನಲ್ಲಿ ಹೊಸ ರ‍್ಯಾಮು ಕೊಳ್ಳುವ ಮೊದಲು ಧೂಳು ತೆಗೆಸಿರಿ. ವಿಂಡೋಸ್ 7 ಇರುವ ಯಂತ್ರಕ್ಕೆ 2023ರ ಜನವರಿಯ 109ನೆಯ ಆವೃತ್ತಿಯೇ ಕೊನೆಯ ಕ್ರೋಮ್ ಎಂಬದೂ ನೆನಪಿರಲಿ. ರಿಪೇರಿಗೆ ಕೊಡಲೇಬೇಕಾದರೆ, ಸೇಫ್ ಮೋಡಿನಲ್ಲಿಯೇ ಕಡತಗಳನ್ನು ಪೆನ್ ಡ್ರೈವಿಗೆ ನಕಲು ಮಾಡಿಕೊಂಡು ಆಮೇಲೆ ಕೊಡುವದು.

ಇನ್ನೊಂದು ಕಪಟದ ವಿಷಯ. ಬ್ರೌಸರು ತೆರೆದೊಡನೆ ಪರದೆ ತುಂಬ ಎಚ್ಚರಿಕೆ ಹರಡಿ, ಸೈರನ್ನು ಕೂಗಿ, "ಈ ಸಂಖ್ಯೆಗೆ ಕರೆಮಾಡಿರಿ" ಎಂದು ತೋರಿದರೆ ಯಂತ್ರ ಕೆಟ್ಟಿಲ್ಲ. ಅದು ಕಳ್ಳರು ರಚಿಸಿದ ಒಂದು ಪುಟ ಮಾತ್ರ. ವಿಂಡೋಸಿನ ನಿಜವಾದ ನೀಲಿ ಪರದೆಯಲ್ಲಿ ದೂರವಾಣಿ ಸಂಖ್ಯೆ ಇರುವದಿಲ್ಲ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಈ ಮೂರನ್ನು ಒಟ್ಟಿಗೆ ಒತ್ತಿ, ಟಾಸ್ಕ್ ಮ್ಯಾನೇಜರಿನಲ್ಲಿ ಬ್ರೌಸರನ್ನು ಮುಗಿಸಿಬಿಡಿರಿ. ಕರೆಮಾಡಿ, ಅವರು ಹೇಳಿದ್ದನ್ನು ಕೇಳಿ, ಈಗಾಗಲೇ ಹಣ ಹೋಗಿದ್ದರೆ ಅಂತರ್ಜಾಲದ ಸಂಪರ್ಕವನ್ನು ಕಿತ್ತು, ನಾಚಿಕೆಪಡದೆ, ತಡಮಾಡದೆ, ಸರಕಾರದ ಸೈಬರ್ ಅಪರಾಧ ಸಹಾಯವಾಣಿಯಾದ 1930ಕ್ಕೆ ತಿಳಿಸತಕ್ಕದ್ದು.