ಪ್ರತಿಭೆ ಮತ್ತು ಯೋಗ

“ಬೆಳೆಯುವ ಸಿರಿ ಮೊಳಕೆಯಲ್ಲಿ” ಎಂಬ ಗಾದೆಯನ್ನು ನಾವೆಲ್ಲರೂ ಕೇಳಿದ್ದೇವೆ. ಪ್ರತಿಭೆಯು ಎಳವೆಯಲ್ಲಿಯೇ ಗೋಚರಿಸುವುದೆಂಬುದು ಅದರ ಇಂಗಿತ. ಆದರೆ ಮೊಳಕೆಯೆಲ್ಲವೂ ತೆನೆಯಾಗುವುದೇ? ಒಂದೇ ಚೀಲದ ಜೋಳವನ್ನು ಎರೆಹೊಲದಲ್ಲಿಯೂ ಕಲ್ಲುನೆಲದಲ್ಲಿಯೂ ಬಿತ್ತಿದರೆ ಫಲವು ಒಂದೇ ಆಗದೆಂಬುದನ್ನು ಯಾವ ರೈತನಾದರೂ ಬಲ್ಲನು. ಮನುಷ್ಯನ ಏಳಿಗೆಯೂ ಹಾಗೆಯೇ. ಯಾವ ಮನೆಯಲ್ಲಿ ಹುಟ್ಟಿದೆವು, ಯಾವ ಹೊತ್ತಿಗೆ ಯಾರು ದೊರೆತರು ಎಂಬ ಸಂಗತಿಗಳು ನಮ್ಮ ಕೈಯಲ್ಲಿಲ್ಲ. ಇದನ್ನೇ ಹಿರಿಯರು ‘ಯೋಗ’ವೆಂದು ಕರೆದರು.

ನಮ್ಮ ಪುಣೆಯಲ್ಲಿಯೇ ನೆಲೆಸಿ ಬಾಳಿದ ಪಂಡಿತ ಭೀಮಸೇನ ಜೋಶಿಯವರ ಚರಿತ್ರೆಯನ್ನು ನೋಡೋಣ. 1922ರಲ್ಲಿ ಗದಗಿನ ಸೀಮೆಯ ಶಿಕ್ಷಕರೊಬ್ಬರ ಮನೆಯಲ್ಲಿ ಜನಿಸಿದ ಇವರು 11ನೆಯ ವಯಸ್ಸಿನಲ್ಲಿ ಗುರುವನ್ನರಸುತ್ತ ಮನೆಬಿಟ್ಟು ಹೊರಟರು. ರೈಲಿನ ಸಹಪ್ರಯಾಣಿಕರು ಹಣದ ನೆರವಿತ್ತರು. ಗ್ವಾಲಿಯರಿನಲ್ಲಿ ಸರೋದವಾದಕ ಹಾಫಿಜ್ ಅಲಿ ಖಾನರು ಸಂಗೀತಶಾಲೆಯನ್ನು ಸೇರಲು ಸಹಾಯಮಾಡಿದರು. ಅಲೆದಲೆದು ಜಾಲಂಧರವನ್ನು ಸೇರಿದಾಗ, ಪುಣೆಯ ಗಾಯಕ ವಿನಾಯಕರಾವ್ ಪಟವರ್ಧನರು ಅಲ್ಲಿ ಭೆಟ್ಟಿಯಾಗಿ, ಊರಿಗೆ ಮರಳಿ ಸವಾಯಿ ಗಂಧರ್ವರಲ್ಲಿ ಕಲಿಯೆಂದು ಬುದ್ಧಿ ಹೇಳಿದರು. 1936ರಲ್ಲಿ ಕುಂದಗೋಳದ ಸವಾಯಿ ಗಂಧರ್ವರು ಈ ಬಾಲಕನನ್ನು ಶಿಷ್ಯನನ್ನಾಗಿ ಸ್ವೀಕರಿಸಿದರು. ಉತ್ತರದೇಶದಲ್ಲೆಲ್ಲ ಹುಡುಕಿದ ಗುರುವು ತಮ್ಮ ಸೀಮೆಯಲ್ಲಿಯೇ ಇದ್ದರು!

ಅದೇ ಗುರುವಿನ ಶಿಷ್ಯೆ ಗಂಗೂಬಾಯಿ ಹಾನಗಲ್ಲರು. ಅವರು ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿಬರುತ್ತ ಪಾಠ ಹೇಳಿಸಿಕೊಂಡರು. ಆ ಎರಡು ಊರುಗಳ ನಡುವೆ ರೈಲುದಾರಿಯೇ ಇಲ್ಲದಿದ್ದರೆ, ಸಂಸಾರದ ಹೊಣೆಹೊತ್ತ ಆ ತಾಯಿಯ ವಿದ್ಯೆಯ ಗತಿಯೇನಾಗುತ್ತಿದ್ದಿತು?

ವರಕವಿ ಬೇಂದ್ರೆಯವರು ಬಾಲ್ಯದಲ್ಲಿಯೇ ತಂದೆಯನ್ನು ಕಳೆದುಕೊಂಡವರು. 1913ರಲ್ಲಿ ಅವರು ಮೆಟ್ರಿಕ್ ಮುಗಿಸಿದಾಗ ಧಾರವಾಡದಲ್ಲಿ ಕಾಲೇಜು ಇರಲಿಲ್ಲ. ಕರ್ನಾಟಕ ಕಾಲೇಜು ಆರಂಭವಾದುದು 1917ರಲ್ಲಿ. ಚಿಕ್ಕಪ್ಪನವರ ಆಶ್ರಯದಿಂದ ಅವರು ಪುಣೆಯ ಫರ್ಗ್ಯೂಸನ್ ಕಾಲೇಜಿನಲ್ಲಿ ಓದಿ 1918ರಲ್ಲಿ ಬಿ.ಎ. ಪದವಿ ಪಡೆದರು.

ಹಾಗಾದರೆ ಎಲ್ಲವೂ ಯೋಗವೇ, ಪರಿಶ್ರಮಕ್ಕೆ ಬೆಲೆಯಿಲ್ಲವೇ ಎಂದು ಯಾರಾದರೂ ಕೇಳಬಹುದು. ಹಾಗಲ್ಲ. ಗುರುಗೃಹದಲ್ಲಿ ನೀರು ಹೊತ್ತು, ವರ್ಷಗಟ್ಟಲೆ ಸ್ವರಸಾಧನೆ ಮಾಡದಿದ್ದರೆ ಭೀಮಸೇನರಿಗೆ ದೊರೆತ ಯೋಗವು ವ್ಯರ್ಥವಾಗುತ್ತಿದ್ದಿತು. ಮಳೆ ಬಂದರೂ ಹರಗದ ಹೊಲ ಬೆಳೆಯದು. ಆದರೆ ಹರಗಿದ ಹೊಲಕ್ಕೂ ಮಳೆ ಬೇಕು. ಅಂತಹುದೇ ಕಂಠವುಳ್ಳ ಇನ್ನೊಬ್ಬ ಬಾಲಕನು ಹಣವಿಲ್ಲದೆ ನಿಲ್ದಾಣದಿಂದಲೇ ಹಿಂದಿರುಗಿದ್ದರೆ ಅವನ ಹೆಸರು ಯಾವ ಪುಸ್ತಕದಲ್ಲಿಯೂ ಸಿಕ್ಕದು. ಚರಿತ್ರೆಯು ತೆನೆಗಳನ್ನು ಎಣಿಸುವುದು. ಒಣಗಿದ ಮೊಳಕೆಗಳ ಲೆಕ್ಕವನ್ನು ಯಾರೂ ಇಡರು.

ಈ ಮೂವರ ಯೋಗವನ್ನು ಬಿಡಿಸಿ ನೋಡಿದರೆ, ಅದರಲ್ಲಿ ಆಕಾಶದಿಂದ ಬಿದ್ದುದು ಸ್ವಲ್ಪ, ಮನುಷ್ಯರು ಮಾಡಿದುದೇ ಹೆಚ್ಚು. ಹೆಸರರಿಯದ ಪ್ರಯಾಣಿಕರು, ಹಿತನುಡಿದ ಗಾಯಕರು, ಆಶ್ರಯವಿತ್ತ ಚಿಕ್ಕಪ್ಪ, ಯಾರೋ ಹಾಕಿಸಿದ ರೈಲುದಾರಿ. ಈ ಋಣವನ್ನು ಭೀಮಸೇನರು ಮರೆಯಲಿಲ್ಲ. ಗುರುವು 1952ರಲ್ಲಿ ತೀರಿಕೊಂಡ ಮೇಲೆ, ಅವರ ಸ್ಮರಣೆಗಾಗಿ 1953ರಲ್ಲಿ ಪುಣೆಯಲ್ಲಿ ಆರಂಭವಾದ ಸಂಗೀತ ಮಹೋತ್ಸವವನ್ನು ದಶಕಗಳ ಕಾಲ ನಡೆಯಿಸಿದರು. ಅನೇಕ ತರುಣ ಗಾಯಕರಿಗೆ ಅದೇ ದೊಡ್ಡ ವೇದಿಕೆಯಾಯಿತು. ತಮಗೆ ದೊರೆತ ಯೋಗವನ್ನು ಅವರು ಹೀಗೆ ಪರರಿಗೂ ಹಂಚಿದರು.

ಪರನಾಡಿನ ಈ ನಗರದಲ್ಲಿ ತಾಯ್ನುಡಿಯ ಶಾಲೆ ನಮಗೆ ದೊರೆತುದೂ ಹಿರಿಯರು ಮಾಡಿಟ್ಟ ಯೋಗವೇ. ಆದುದರಿಂದ ಮೊದಲ ಸ್ಥಾನ ಪಡೆದವರು ಬೀಗಬಾರದು; ಹಿಂದುಳಿದವರು ತಮ್ಮನ್ನು ಹೀನರೆಂದೆಣಿಸಬಾರದು. ಜಾಣನಾದ ಗೆಳೆಯನೊಬ್ಬನು ಪುಸ್ತಕವಿಲ್ಲದೆ, ಓದಲು ಮನೆಯಲ್ಲಿ ಸ್ಥಳವಿಲ್ಲದೆ ಶಾಲೆ ಬಿಡುವ ಹೊತ್ತು ಬಂದರೆ, ಅದು ಅವನ ಹಣೆಬರಹವೆಂದು ನಾವು ಸುಮ್ಮನಿರಬಾರದು. ನಮ್ಮ ಪುಸ್ತಕವನ್ನು ಅವನೊಡನೆ ಹಂಚಿಕೊಳ್ಳೋಣ, ಗುರುಗಳಿಗೆ ವಿಷಯ ತಿಳಿಸೋಣ. ಅವನ ಪಾಲಿನ ಯೋಗವು ನಾವೇ ಆಗಿರಬಹುದು.