ಸನ್ನದು ಸಿಕ್ಕ ಮೇಲಿನ ದಾರಿ

ಮೈಸೂರಿನಲ್ಲಿ ಕಾನೂನು ಓದುವುದು ಹಳ್ಳಿಯ ಮಕ್ಕಳಿಗೆ ಇಂದು ಎಟುಕದ ಮಾತೇನಲ್ಲ. ಶಾರದಾ ವಿಲಾಸ, ವಿದ್ಯಾವರ್ಧಕ, ಜೆಎಸ್‌ಎಸ್ ಕಾನೂನು ಕಾಲೇಜುಗಳಿವೆ. ಹಾಸ್ಟೆಲು, ವಿದ್ಯಾರ್ಥಿವೇತನ ಇವೆ. ತಿ. ನರಸೀಪುರ ತಾಲ್ಲೂಕಿನ ಕೂಲಿಕಾರರ ಮನೆಯಿಂದ ಬಂದ ನಾನೂ ಹಾಗೆಯೇ ಓದಿದೆ. ನಿಜವಾದ ಕಷ್ಟ ಶುರುವಾಗುವುದು ಸನ್ನದು ಕೈಗೆ ಬಂದ ಮೇಲೆ.

ವಕೀಲರ ಮನೆಯ ಮಕ್ಕಳಿಗೆ ಅಪ್ಪನ ಆಫೀಸು, ಪುಸ್ತಕ, ಕಕ್ಷಿದಾರರು ಎಲ್ಲವೂ ಸಿದ್ಧವಾಗಿರುತ್ತವೆ. ನಮಗೆ ಮೊದಲು ಒಬ್ಬ ಸೀನಿಯರ್ ಸಿಗಬೇಕು. ಅದಕ್ಕೆ ಅಂಕಪಟ್ಟಿ ಸಾಲದು, ಪರಿಚಯ ಬೇಕು. ಒಂದು ಆಫೀಸಿನಲ್ಲಿ ನನ್ನನ್ನು ಮೊದಲು ಕೇಳಿದ್ದೇ ‘ಯಾವ ಕಡೆಯವರಪ್ಪ ನೀವು?’ ಎಂದು. ಊರಿನ ಹೆಸರು ಹೇಳಿದೆ. ಅವರಿಗೆ ಬೇಕಿದ್ದದ್ದು ಜಾತಿ. ಇನ್ನೊಂದು ಕಡೆ ಜಾಗ ಸಿಕ್ಕಿತು. ಫೈಲು ಹೊತ್ತು, ವಾಯಿದೆ ಬರೆದುಕೊಂಡು ಸಂಜೆಯಾದರೆ ಸಿಗುತ್ತಿದ್ದದ್ದು ಬಸ್ ಚಾರ್ಜು. ರೂಮಿನ ಬಾಡಿಗೆಗೆ ಟ್ಯೂಷನ್ ಹೇಳಿದೆ. ನನ್ನಷ್ಟೇ, ನನಗಿಂತಲೂ ಚೆನ್ನಾಗಿ ಓದಿದ್ದ ಗೆಳೆಯರು ಕರಿಕೋಟು ಕಳಚಿಟ್ಟು ಫೈನಾನ್ಸ್ ಕಂಪನಿ ಸೇರಿದರು. ಹೆಣ್ಣುಮಕ್ಕಳು ಇನ್ನೂ ಬೇಗ ಬಿಟ್ಟರು.

ಸಾಮಾಜಿಕ ನ್ಯಾಯದ ಮಾತು ಈ ನೆಲಕ್ಕೆ ಹೊಸದಲ್ಲ. ನಾಲ್ವಡಿ ಕೃಷ್ಣರಾಜ ಒಡೆಯರು 1918ರಲ್ಲಿ ಹಿಂದುಳಿದವರಿಗೆ ಸರ್ಕಾರಿ ನೌಕರಿಯಲ್ಲಿ ಪಾಲು ಕೊಡುವ ಬಗೆ ತಿಳಿಸಲು ನೇಮಿಸಿದ ಸಮಿತಿಗೆ ಸಂಸ್ಥಾನದ ಮುಖ್ಯ ನ್ಯಾಯಾಧೀಶ ಲೆಸ್ಲಿ ಮಿಲ್ಲರ್ ಅಧ್ಯಕ್ಷರಾಗಿದ್ದರು. 1975ರಲ್ಲಿ ಹಿಂದುಳಿದ ವರ್ಗಗಳ ಆಯೋಗದ ವರದಿ ಕೊಟ್ಟ ಎಲ್.ಜಿ. ಹಾವನೂರರೂ ವಕೀಲರೇ. ಇವರೆಲ್ಲರ ಶ್ರಮದಿಂದ ಕಾಲೇಜಿನ ಸೀಟಿಗೂ ಸರ್ಕಾರಿ ಹುದ್ದೆಗೂ ಮೀಸಲಾತಿ ಬಂತು. ಸೀನಿಯರ್ ಆಫೀಸಿನ ಕುರ್ಚಿಯ ವಿಷಯದಲ್ಲಿ ಮಾತ್ರ ಹಿರಿಯರ ಮನಸ್ಸೇ ಕಾನೂನು.

ಕೆಲವು ಬಾಗಿಲು ತೆರೆದಿವೆ. 1961ರ ವಕೀಲರ ಕಾಯ್ದೆಯಂತೆ ಸನ್ನದು ನೋಂದಣಿಗೆ 750 ರೂಪಾಯಿ, ಪರಿಶಿಷ್ಟ ಜಾತಿ, ಪಂಗಡದವರಿಗೆ 125 ರೂಪಾಯಿ. ಬಾರ್ ಕೌನ್ಸಿಲ್‌ಗಳು ಇದಕ್ಕಿಂತ ಹೆಚ್ಚು ವಸೂಲಿ ಮಾಡುವಂತಿಲ್ಲ ಎಂದು 2024ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಅದೇ ವರ್ಷ ಅಕ್ಟೋಬರಿನಲ್ಲಿ ಭಾರತೀಯ ವಕೀಲರ ಪರಿಷತ್ತು, ಜೂನಿಯರ್‌ಗಳಿಗೆ ತಿಂಗಳಿಗೆ ನಗರದಲ್ಲಿ 20,000, ಗ್ರಾಮೀಣ ಭಾಗದಲ್ಲಿ 15,000 ರೂಪಾಯಿ ಕೊಡಿ ಎಂದು ಶಿಫಾರಸು ಮಾಡಿತು. ಅದು ಶಿಫಾರಸು ಮಾತ್ರ, ಕಡ್ಡಾಯವಲ್ಲ. ರಾಜ್ಯ ಸರ್ಕಾರ ಪರಿಶಿಷ್ಟ ಮತ್ತು ಹಿಂದುಳಿದ ವರ್ಗಗಳ ಕಾನೂನು ಪದವೀಧರರಿಗೆ ತರಬೇತಿ ಭತ್ಯೆ ಕೊಡುತ್ತದೆ. ಅರ್ಹರು ತಪ್ಪದೆ ಅರ್ಜಿ ಹಾಕಬೇಕು.

ನಾನು ವೃತ್ತಿಯಲ್ಲಿ ಉಳಿದದ್ದು ಒಬ್ಬ ಸೀನಿಯರಿಂದ. ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ನನ್ನ ಡ್ರಾಫ್ಟನ್ನು ತಿದ್ದಿದರು. ಒಂದು ದಿನ ‘ಇವತ್ತು ಪಾಟೀಸವಾಲು ನೀನೇ ಮಾಡಪ್ಪ’ ಎಂದು ಎಲ್ಲರೆದುರು ಹೇಳಿದರು. ಅಂದು ನೋಡಿದ ಕಕ್ಷಿದಾರರೇ ಆಮೇಲೆ ನನ್ನ ಹೆಸರಿಗೆ ವಕಾಲತ್ತು ಕೊಟ್ಟರು. ಹಣ ಜೂನಿಯರ್‌ನನ್ನು ವೃತ್ತಿಯಲ್ಲಿ ಉಳಿಸುತ್ತದೆ, ವಾದಿಸುವ ಅವಕಾಶ ಅವನನ್ನು ವಕೀಲನನ್ನಾಗಿ ಮಾಡುತ್ತದೆ. ನನ್ನ ಆಫೀಸಿನಲ್ಲಿ ಈಗ ಎರಡನ್ನೂ ಕೊಡುತ್ತೇನೆ, ಜಾತಿ ಕೇಳುವುದಿಲ್ಲ.

ಮೈಸೂರಿನ ಹಿರಿಯ ವಕೀಲರಲ್ಲಿ ನನ್ನ ವಿನಂತಿ ಇಷ್ಟೇ: ಮನೆಯಲ್ಲಿ ಮೊದಲ ಬಾರಿಗೆ ಕರಿಕೋಟು ತೊಟ್ಟ ಒಬ್ಬ ಹುಡುಗನಿಗೋ ಹುಡುಗಿಗೋ ಜಾಗ ಕೊಡಿ, ತಿಂಗಳಿಗೆ ಸರಿಯಾಗಿ ಸಂಬಳ ಕೊಡಿ, ವಾದಿಸಲು ಒಂದು ಕೇಸು ಕೊಡಿ.